ಹೊರೆಯ ಅಂಕಿ ಮತ್ತು ಅದರ ಅರ್ಥ

‘ಭಾರ’ವೆಂಬ ಸಂಸ್ಕೃತ ಶಬ್ದವು ‘ಭೃ’ ಧಾತುವಿನಿಂದಲೂ ‘ಹೊರೆ’ಯೆಂಬ ಕನ್ನಡ ಶಬ್ದವು ‘ಹೊರು’ ಎಂಬ ಧಾತುವಿನಿಂದಲೂ ಹುಟ್ಟಿದವು. ಎರಡರಲ್ಲಿಯೂ ಹೊರುವವನೊಬ್ಬನು ಅಡಗಿದ್ದಾನೆ. ಉಡುತಡಿಯ ಗದ್ದೆಯಿಂದ ಭತ್ತದ ಹೊರೆಯನ್ನು ತಲೆಯ ಮೇಲಿಟ್ಟು ರೈತನು ಕಣಕ್ಕೆ ನಿರಾಯಾಸವಾಗಿ ನಡೆಯುತ್ತಾನೆ. ಅದೇ ಹೊರೆ ಅಟ್ಟದಿಂದ ಅವನ ಮೇಲೆ ಬಿದ್ದರೆ ಕತ್ತು ಉಳುಕುತ್ತದೆ. ತೂಕ ಒಂದೇ, ಬಂದ ಬಗೆ ಬೇರೆ. ವಿಮಾನಾಪಘಾತಗಳ ತನಿಖೆಯಲ್ಲಿ ದೊರೆಯುವ ಅಂಕಿಗಳನ್ನು ಅರ್ಥೈಸುವುದಕ್ಕೂ ಇದೇ ತಳಹದಿ.

ವಿಮಾನದ ದಾಖಲೆಯಂತ್ರವು ಹೊರೆಯನ್ನು ‘ಜಿ’ ಎಂಬ ಮಾನದಲ್ಲಿ ಗುರುತಿಸುತ್ತದೆ. ಸಮಮಟ್ಟದಲ್ಲಿ ಸ್ಥಿರವಾಗಿ ಹಾರುವಾಗ ಆ ಅಂಕಿ 1. ಅದು 2 ಆದಾಗ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಇಮ್ಮಡಿಯಾಗಿ ಒತ್ತುತ್ತದೆ. ದೊಡ್ಡ ಪ್ರಯಾಣಿಕ ವಿಮಾನವು ಹಾರಾಟದಲ್ಲಿ ಕನಿಷ್ಠ 2.5 ಜಿ ಹೊರೆಯನ್ನು ಅಪಾಯಕರವಾಗಿ ಬಾಗದೆ ತಾಳಬೇಕೆಂಬುದು ನಿಯಮ. ಅದರ ಒಂದೂವರೆಪಟ್ಟು, ಎಂದರೆ 3.75 ಜಿ, ಹೊರೆಯನ್ನು ಮುರಿಯದೆ 3 ಸೆಕೆಂಡು ಹೊರಬೇಕು. ಇವು ಹಾರಾಟದ ಮಿತಿಗಳೇ ಹೊರತು ನೆಲಕ್ಕೆ ಅಪ್ಪಳಿಸುವಾಗಿನ ಅಳತೆಗೋಲುಗಳಲ್ಲ.

ಅಂಕಿಯನ್ನು ಕಂಡೊಡನೆ ಮೂರು ಪ್ರಶ್ನೆಗಳು ಏಳಬೇಕು: ಎಲ್ಲಿ ಅಳೆದದ್ದು? ಯಾವ ದಿಕ್ಕಿನದು? ಎಷ್ಟು ಹೊತ್ತಿನದು? ಮಾಪಕವಿರುವುದು ವಿಮಾನದ ಗುರುತ್ವಕೇಂದ್ರದ ಬಳಿ. ಬಾಲದ ತುದಿಯ ಆಸನಕ್ಕೆ ತಗಲಿದ ಪೆಟ್ಟು ಬೇರೆಯಿರಬಹುದು. ಲಂಬದಿಕ್ಕಿನ ಹೊರೆಯು ಸಾಮಾನ್ಯವಾಗಿ ಸೆಕೆಂಡಿಗೆ ಎಂಟು ಸಲ ದಾಖಲಾಗುತ್ತದೆ. ನಿಜವಾದ ಗರಿಷ್ಠವು ಎರಡು ದಾಖಲೆಗಳ ನಡುವೆ ಜಾರಿಹೋಗಿರಬಹುದು.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನವು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಓಡುದಾರಿಯನ್ನು ತಲುಪದೆ ಗಾಲ್ಫ್ ಮೈದಾನದಲ್ಲಿ ನೆಲಮುಟ್ಟಿ, ಪುಟಿದು, ಮಣ್ಣಿನ ಏರಿಗೆ ಬಡಿದು ಬೆಂಕಿಗೀಡಾಯಿತು. 146 ಮಂದಿಯಲ್ಲಿ 92 ಮಂದಿ ಮಡಿದರು. ಇಲ್ಲಿ ಮೊದಲ ಪೆಟ್ಟು ಕೆಳಗಿನಿಂದ ಬಂದದ್ದು, ಎರಡನೆಯದು ಮುಂದಿನಿಂದ. ಲಂಬದಿಕ್ಕಿನ ಅಂಕಿಯೊಂದನ್ನೇ ಹಿಡಿದರೆ ಏರಿಯ ಪೆಟ್ಟು ಲೆಕ್ಕಕ್ಕೆ ಬಾರದು. ಅಂಕಿ ಮಿತಿಮೀರಿತ್ತೆಂದು ರಚನೆಯೇ ದುರ್ಬಲವೆನ್ನುವುದೂ ತಪ್ಪು. ಏಕೆಂದರೆ ಆ ಹೊರೆ ಪತನದ ಫಲವೇ ಹೊರತು ಕಾರಣವಲ್ಲ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆಯು ಕಾರಣವನ್ನು ನೆಲಮುಟ್ಟುವ ಮುನ್ನಿನ ಕ್ಷಣಗಳಲ್ಲಿ ಕಂಡಿತು: ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿದ್ದು ವೇಗವೂ ಎತ್ತರವೂ ಕುಸಿಯುತ್ತಿದ್ದುದಕ್ಕೆ ಸಕಾಲದಲ್ಲಿ ಪರಿಹಾರ ನಡೆಯಲಿಲ್ಲ.

ಫಲವನ್ನು ಕಾರಣವೆಂದು ಬಗೆದರೆ ಮಡಿದವರಿಗೂ ನ್ಯಾಯ ದೊರೆಯದು, ಮುಂದೆ ಹಾರುವವರಿಗೂ ರಕ್ಷಣೆ ದೊರೆಯದು. ಗಣಿತದ ಉತ್ತರ ಸರಿಯಾಗಿ ಬಂದೊಡನೆ ಲೇಖನಿಯನ್ನು ಕೆಳಗಿಡುವ ವಿದ್ಯಾರ್ಥಿಗೆ, ಆ ಉತ್ತರ ಯಾವ ಪ್ರಶ್ನೆಯದೆಂದು ಮತ್ತೊಮ್ಮೆ ನೋಡುವ ಅಭ್ಯಾಸವನ್ನು ಶಾಲೆಯಲ್ಲಿಯೇ ಕಲಿಸುವುದು ಯುಕ್ತ.