ಕಾರಿನ ಬಾನೆಟ್ ಬದಲಾವಣೆ: ಒಂದು ಬಿಲ್ಲಿನ ಲೆಕ್ಕಶಾಸ್ತ್ರ

ಸಣ್ಣ ಉದ್ದಿಮೆಗಳ ಲೆಕ್ಕಪುಸ್ತಕಗಳಲ್ಲಿ ‘ವಾಹನ ದುರಸ್ತಿ’ ಎಂಬ ಖಾತೆಯಷ್ಟು ಅಲಕ್ಷ್ಯಕ್ಕೊಳಗಾದ ಖಾತೆ ಮತ್ತೊಂದಿರಲಾರದು. ಕಚ್ಚಾ ಸಾಮಗ್ರಿಯ ಬೆಲೆಯಲ್ಲಿ ಕಿಲೋಗೆ ಐವತ್ತು ಪೈಸೆಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುವ ಉದ್ಯಮಿಯೇ, ಸಂಸ್ಥೆಯ ಕಾರು ಡೀಲರರ ಕಾರ್ಯಾಗಾರಕ್ಕೆ ಹೋದಾಗ ಅಂದಾಜು ಪಟ್ಟಿಯನ್ನು ಓದದೆಯೇ ಸಹಿ ಹಾಕಿಬಿಡುವುದುಂಟು. ‘ಹೇಗೂ ವಿಮೆ ಇದೆಯಲ್ಲ’ ಎಂಬ ಭಾವನೆಯೇ ಇದಕ್ಕೆ ಕಾರಣ. ವಿಮೆ ಇರುವುದು ನಿಜ. ಆದರೆ ಅದು ಬಿಲ್ಲಿನ ಪ್ರತಿಯೊಂದು ಬಾಬನ್ನೂ ಒಂದೇ ಅಳತೆಯಲ್ಲಿ ಭರಿಸುವುದಿಲ್ಲ. ಮುಂದಿನ ವಾಹನಕ್ಕೆ ಗುದ್ದಿ ಬಾನೆಟ್ ಜಜ್ಜಿಹೋಗುವುದು ನಿತ್ಯವೂ ನಡೆಯುವ ಸಾಮಾನ್ಯ ಅಪಘಾತ. ಈ ಒಂದು ಭಾಗವನ್ನು ಬದಲಿಸಿ ಬಣ್ಣ ಹಾಕಿಸುವ ಕೆಲಸದಲ್ಲಿ ವಿಮೆ, ಸವಕಳಿ, ಸರಕು ಮತ್ತು ಸೇವಾ ತೆರಿಗೆ ಹಾಗೂ ಆದಾಯ ತೆರಿಗೆ, ಈ ನಾಲ್ಕೂ ವಿಷಯಗಳು ಹೇಗೆ ಬಂದು ಕೂಡುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದುರಸ್ತಿಯೋ, ಬದಲಾವಣೆಯೋ?

ಬಾನೆಟ್ ಹೊರನೋಟಕ್ಕೆ ಒಂದೇ ತಗಡಿನಂತೆ ಕಂಡರೂ ವಾಸ್ತವವಾಗಿ ಅದು ಎರಡು ಪದರಗಳ ರಚನೆ. ಹೊರಗಿನ ನುಣುಪಾದ ತಗಡಿನ ಅಂಚನ್ನು ಒಳಗಿನ ಚೌಕಟ್ಟಿನ ಮೇಲೆ ಮಡಿಸಿ, ನಡುವೆ ಅಂಟು ಹಾಗೂ ಸೀಲಂಟ್ ತುಂಬಲಾಗಿರುತ್ತದೆ. ಹೊರತಗಡಿನಲ್ಲಿ ಮಾತ್ರ ಸಣ್ಣ ತಗ್ಗು ಬಿದ್ದಿದ್ದರೆ ಟಿಂಕರಿಂಗ್ ಕೆಲಸದಿಂದ ಸರಿಪಡಿಸಬಹುದು. ಒಳಚೌಕಟ್ಟು ಮುರಿದಿದ್ದರೆ, ಮಡಿಕೆಯ ಅಂಚು ಬಿಚ್ಚಿದ್ದರೆ, ಅಥವಾ ಕೀಲು ಇಲ್ಲವೆ ಲಾಕ್ ಇರುವ ಜಾಗ ಸೊಟ್ಟಗಾಗಿದ್ದರೆ ಬದಲಾವಣೆಯೇ ಸರಿಯಾದ ದಾರಿ. ಅಂಚು ಬಿಚ್ಚಿದ ಕಡೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ಲಾಕ್ ಸರಿಯಾಗಿ ಕೂರದ ಬಾನೆಟ್ ಓಡುವ ವೇಗದಲ್ಲಿ ಮೇಲಕ್ಕೆದ್ದು ಚಾಲಕನ ದೃಷ್ಟಿಗೆ ಅಡ್ಡಬರುವ ಅಪಾಯವಿದೆ. ಹೀಗಾಗಿ ಉಳಿತಾಯದ ಹೆಸರಿನಲ್ಲಿ ಇಲ್ಲಿ ರಾಜಿ ಸಲ್ಲದು.

ಕೆಲಸವನ್ನು ಡೀಲರರ ಬಳಿಯೇ ಮಾಡಿಸಬೇಕೆಂಬ ಕಡ್ಡಾಯವೇನೂ ಇಲ್ಲ. ಬಿಡಿಭಾಗಗಳ ಪೂರೈಕೆಯಲ್ಲಿ ಸ್ಪರ್ಧೆಗೆ ಅಡ್ಡಿಪಡಿಸಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಿಕಾ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಕೂಡದೆಂದೂ ಆ ಆದೇಶದಲ್ಲಿ ಹೇಳಲಾಗಿತ್ತು. ಆದರೂ ಮೂಲ ತಯಾರಕರ ಭಾಗ, ಬಣ್ಣ ಒಣಗಿಸುವ ಕೊಠಡಿ ಮತ್ತು ವಿಮಾ ಕಂಪನಿಯೊಂದಿಗೆ ನಗದುರಹಿತ ವ್ಯವಸ್ಥೆ, ಈ ಮೂರೂ ಒಂದೇ ಕಡೆ ಸಿಗುವುದರಿಂದ ಹಲವರು ಡೀಲರರನ್ನೇ ಆಯ್ದುಕೊಳ್ಳುತ್ತಾರೆ.

ಬಣ್ಣದ ಕೆಲಸವೇಕೆ ದುಬಾರಿ?

ಹೊಸ ಬಾನೆಟ್ ಸಾಮಾನ್ಯವಾಗಿ ಕಾರಿನ ಬಣ್ಣದಲ್ಲಿ ಬರುವುದಿಲ್ಲ. ಕಪ್ಪು ಅಥವಾ ಬೂದು ಪ್ರೈಮರ್ ಲೇಪನದೊಂದಿಗೆ ಮಾತ್ರ ಬರುತ್ತದೆ. ಅದನ್ನು ಉಜ್ಜಿ, ಸರ್ಫೇಸರ್ ಹಚ್ಚಿ, ಮತ್ತೆ ಉಜ್ಜಿ, ಮೂಲಬಣ್ಣ ಸಿಂಪಡಿಸಿ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್ ಕೊಡಬೇಕಾಗುತ್ತದೆ. ಕಾರ್ಖಾನೆಯಲ್ಲಿ ಬರಿಯ ಲೋಹದ ಒಡಲನ್ನು ಅತಿ ಹೆಚ್ಚಿನ ಶಾಖದಲ್ಲಿ ಬೇಯಿಸಿ ಬಣ್ಣವನ್ನು ಗಟ್ಟಿಗೊಳಿಸುತ್ತಾರೆ. ಸಿದ್ಧವಾದ ಕಾರಿನಲ್ಲಿ ಪ್ಲಾಸ್ಟಿಕ್, ರಬ್ಬರ್ ಮತ್ತು ವಿದ್ಯುತ್ ತಂತಿಗಳಿರುವುದರಿಂದ ಅದು ಸಾಧ್ಯವಿಲ್ಲ. ಆದ್ದರಿಂದ ಹಾರ್ಡ್‌ನರ್ ಬೆರೆಸಿದ ಬಣ್ಣವನ್ನು ಬಳಸಿ, ಸುಮಾರು 60 ಡಿಗ್ರಿ ಸೆಲ್ಷಿಯಸ್ ಶಾಖದ ಕೊಠಡಿಯಲ್ಲಿ ಒಣಗಿಸಲಾಗುತ್ತದೆ.

ಬಣ್ಣದ ಸಂಕೇತ ಸಂಖ್ಯೆ ವಾಹನದ ಫಲಕದಲ್ಲಿಯೇ ಇರುತ್ತದೆ. ಆದರೂ ಬಿಸಿಲಿಗೆ ಮಾಸಿದ ಹಳೆಯ ಬಣ್ಣಕ್ಕೆ ಹೊಸ ಬಣ್ಣ ಹೊಂದುವುದು ಕಷ್ಟ. ವಿಶೇಷವಾಗಿ ಮೆಟಾಲಿಕ್ ಹಾಗೂ ಮುತ್ತಿನ ಹೊಳಪಿನ ಬಣ್ಣಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಇದನ್ನು ತಪ್ಪಿಸಲು ಅಕ್ಕಪಕ್ಕದ ಫೆಂಡರ್‌ಗಳ ಮೇಲೂ ಬಣ್ಣವನ್ನು ಕ್ರಮೇಣ ತೆಳುವಾಗಿ ಬೆರೆಸಬೇಕಾಗಬಹುದು. ಇದು ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿದೆಯೇ ಎಂದು ಕೇಳುವುದು ಅವಶ್ಯಕ. ಕೆಲಸ ಮುಗಿದ ಮೇಲೆ ಸೇರಿಸಿದ ಬಾಬಿಗೆ ವಿಮಾ ಸಮೀಕ್ಷಕರ ಒಪ್ಪಿಗೆ ಇರುವುದಿಲ್ಲ. ಆ ಹಣ ಮಾಲೀಕನ ತಲೆಗೇ ಬರುತ್ತದೆ.

ಬಿಲ್ಲಿನ ಅಂಗಗಳು ಮತ್ತು ವಿಮೆಯ ಸವಕಳಿ

ದುರಸ್ತಿ ಬಿಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿರುತ್ತವೆ: ಲೋಹದ ಭಾಗಗಳು, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳು, ಬಣ್ಣ, ಹಾಗೂ ಕೂಲಿ. 2002ರ ಮೋಟಾರು ದರಪಟ್ಟಿಯ ಕಾಲದಿಂದ ಬಂದ ಸವಕಳಿ ಪ್ರಮಾಣಗಳು, 2007ರಲ್ಲಿ ಪ್ರೀಮಿಯಂ ದರಗಳು ಮುಕ್ತವಾದ ನಂತರವೂ ಸಮಗ್ರ ಪಾಲಿಸಿಗಳಲ್ಲಿ ಉಳಿದುಬಂದಿವೆ. ಅವು ಹೀಗಿವೆ:

1. ಲೋಹದ ಭಾಗಗಳು: ವಾಹನದ ವಯಸ್ಸು 6 ತಿಂಗಳವರೆಗೆ ಸವಕಳಿ ಇಲ್ಲ, 1 ವರ್ಷದವರೆಗೆ ಶೇ. 5, 2 ವರ್ಷದವರೆಗೆ ಶೇ. 10, 3 ವರ್ಷದವರೆಗೆ ಶೇ. 15, 4 ವರ್ಷದವರೆಗೆ ಶೇ. 25, 5 ವರ್ಷದವರೆಗೆ ಶೇ. 35, 10 ವರ್ಷದವರೆಗೆ ಶೇ. 40, ಅದಕ್ಕೂ ಮೇಲ್ಪಟ್ಟರೆ ಶೇ. 50.

2. ಪ್ಲಾಸ್ಟಿಕ್, ರಬ್ಬರ್ ಮತ್ತು ನೈಲಾನ್ ಭಾಗಗಳು: ವಯಸ್ಸು ಎಷ್ಟೇ ಇರಲಿ, ಶೇ. 50.

3. ಬಣ್ಣ: ಬಣ್ಣದ ಸಾಮಗ್ರಿಯ ಬೆಲೆಯ ಮೇಲೆ ಶೇ. 50. ಸಾಮಗ್ರಿ ಮತ್ತು ಕೂಲಿಯನ್ನು ಒಟ್ಟಾಗಿ ಬಿಲ್ ಮಾಡಿದ್ದರೆ, ಒಟ್ಟು ಮೊತ್ತದ ಶೇ. 25ನ್ನು ಸಾಮಗ್ರಿಯೆಂದು ಪರಿಗಣಿಸಲಾಗುತ್ತದೆ.

4. ಕೂಲಿ: ಸವಕಳಿ ಇಲ್ಲ.

ಇದಲ್ಲದೆ 1500 ಸಿ.ಸಿ.ವರೆಗಿನ ಕಾರುಗಳಿಗೆ 1,000 ರೂ., ಅದಕ್ಕೆ ಮೇಲ್ಪಟ್ಟವುಗಳಿಗೆ 2,000 ರೂ. ಕಡ್ಡಾಯ ಕಡಿತವಿದೆ. ಹೆಚ್ಚುವರಿ ಪ್ರೀಮಿಯಂ ತೆತ್ತು ಶೂನ್ಯ ಸವಕಳಿ ರಕ್ಷಣೆ ಪಡೆದಿದ್ದಲ್ಲಿ ಸವಕಳಿಯ ಹೊರೆ ತಪ್ಪುತ್ತದೆ. ಆದರೆ ಕಡ್ಡಾಯ ಕಡಿತ ತಪ್ಪುವುದಿಲ್ಲ.

ಒಂದು ಉದಾಹರಣೆ

ಯಂತ್ರಭಾಗ ತಯಾರಿಸುವ ಒಂದು ಸಣ್ಣ ಕಂಪನಿಯ ಹೆಸರಿನಲ್ಲಿ 1200 ಸಿ.ಸಿ.ಯ, ಮೂರೂವರೆ ವರ್ಷದ ಕಾರೊಂದಿದೆ ಎಂದಿಟ್ಟುಕೊಳ್ಳಬಹುದು. ಇಲ್ಲಿಯ ಅಂಕಿಗಳು ಕೇವಲ ಲೆಕ್ಕದ ವಿವರಣೆಗಾಗಿ ಊಹಿಸಿದವು. ಬಾನೆಟ್, ಕೀಲು ಮತ್ತು ಲಾಕ್ 10,000 ರೂ.; ಮುಂಭಾಗದ ಪ್ಲಾಸ್ಟಿಕ್ ಗ್ರಿಲ್ 2,000 ರೂ.; ಬಣ್ಣದ ಒಟ್ಟು ವೆಚ್ಚ 6,000 ರೂ.; ಜೋಡಣೆಯ ಕೂಲಿ 2,000 ರೂ. ಒಟ್ಟು 20,000 ರೂ.ಗೆ ಶೇ. 18ರ ತೆರಿಗೆ 3,600 ರೂ. ಸೇರಿ ಬಿಲ್ಲಿನ ಮೊತ್ತ 23,600 ರೂ.

ಸವಕಳಿಯು ಲೋಹಕ್ಕೆ 2,500 ರೂ., ಪ್ಲಾಸ್ಟಿಕ್‌ಗೆ 1,000 ರೂ., ಬಣ್ಣಕ್ಕೆ 750 ರೂ. (6,000 ರೂ.ಗಳ ಶೇ. 25 ಆದ 1,500 ರೂ.ಗಳ ಅರ್ಧ), ಒಟ್ಟು 4,250 ರೂ. ಅದರ ಮೇಲಿನ ತೆರಿಗೆ 765 ರೂ. ಮತ್ತು ಕಡ್ಡಾಯ ಕಡಿತ 1,000 ರೂ. ಸೇರಿದರೆ ಕಂಪನಿಯ ಪಾಲು 6,015 ರೂ.; ವಿಮಾ ಕಂಪನಿಯ ಪಾಲು 17,585 ರೂ.

ಮೇಲ್ನೋಟಕ್ಕೆ ಕ್ಲೇಮು ಮಾಡುವುದೇ ಲಾಭವೆಂದು ತೋರುತ್ತದೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ.

ಕಳೆದುಹೋಗುವ ಬೋನಸ್

ಕ್ಲೇಮಿಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಕ್ರಮವಾಗಿ ಶೇ. 20, 25, 35, 45 ಮತ್ತು 50ರಷ್ಟು ನೋ ಕ್ಲೇಮ್ ಬೋನಸ್ ದೊರೆಯುತ್ತದೆ. ಒಂದು ಕ್ಲೇಮು ಮಾಡಿದರೆ ಇದು ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಏರಬೇಕಾಗುತ್ತದೆ. ಮೇಲಿನ ಕಾರು ನಾಲ್ಕನೆಯ ವರ್ಷದಲ್ಲಿದ್ದು ಇದುವರೆಗೆ ಕ್ಲೇಮು ಮಾಡಿಲ್ಲ. ಬೋನಸ್ ಕಳೆಯುವ ಮುಂಚಿನ ಪ್ರೀಮಿಯಂ ವರ್ಷಕ್ಕೆ 10,000 ರೂ. ಎಂದು ಹಿಡಿದರೆ, ಮುಂದಿನ ನವೀಕರಣಗಳಲ್ಲಿ ಕ್ಲೇಮು ಮಾಡದಿದ್ದರೆ ಬೋನಸ್ ಶೇ. 45, 50, 50, 50, 50. ಮಾಡಿದರೆ 0, 20, 25, 35, 45. ಎರಡರ ಅಂತರ ಕ್ರಮವಾಗಿ 4,500, 3,000, 2,500, 1,500 ಮತ್ತು 500 ರೂ.; ಒಟ್ಟು 12,000 ರೂ. ಪ್ರೀಮಿಯಂ ಮೇಲಿನ ಶೇ. 18ರ ತೆರಿಗೆ ಸೇರಿಸಿದರೆ 14,160 ರೂ.

ಅಂದರೆ 17,585 ರೂ. ಪಡೆಯಲು ಐದು ವರ್ಷಗಳಲ್ಲಿ 14,160 ರೂ. ತೆರಬೇಕಾಗುತ್ತದೆ, ನಿಜವಾದ ಲಾಭ 3,425 ರೂ. ಮಾತ್ರ. ವಾಹನದ ವಿಮಾ ಮೌಲ್ಯ ಕುಗ್ಗಿದಂತೆ ಪ್ರೀಮಿಯಂ ಇಳಿಯುವುದರಿಂದ ಬೋನಸ್ಸಿನ ನಷ್ಟ ಸ್ವಲ್ಪ ಕಡಿಮೆಯಾಗಬಹುದು; ನಡುವೆ ಮತ್ತೊಂದು ಅಪಘಾತದ ಕ್ಲೇಮು ಬಂದರೆ ಬೋನಸ್ ಹೇಗೂ ಉಳಿಯುವುದಿಲ್ಲ. ಇದೇ ಬಿಲ್ಲು 12,000 ರೂ. ಆಗಿದ್ದರೆ ಕೈಯಿಂದ ಕೊಡುವುದೇ ಲೇಸು. ಬೋನಸ್ ವಾಹನದ್ದಲ್ಲ, ಮಾಲೀಕನದು. ಹಳೆಯ ಕಾರು ಮಾರಿ ಹೊಸದನ್ನು ಕೊಂಡಾಗ ಅದನ್ನು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಹೊಸ ಕಾರಿನ ಪ್ರೀಮಿಯಂ ಹೆಚ್ಚಿರುವುದರಿಂದ, ಕಾರು ಬದಲಿಸುವ ಯೋಜನೆಯುಳ್ಳವರಿಗೆ ಬೋನಸ್ಸಿನ ಬೆಲೆ ಇನ್ನೂ ಹೆಚ್ಚು.

ಸರಕು ಮತ್ತು ಸೇವಾ ತೆರಿಗೆಯ ವಿಚಾರ

ಹಿಂದೆ ಇಂಥ ಬಿಡಿಭಾಗಗಳ ಮೇಲೆ ಶೇ. 28 ಮತ್ತು ಕೂಲಿಯ ಮೇಲೆ ಶೇ. 18 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ದರವೂ ಶೇ. 18ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆ ಜಮೆಯ ವಿಷಯದಲ್ಲಿ, ಅಂದರೆ ವ್ಯಾಪಾರಿಗಳು ರೂಢಿಯಲ್ಲಿ ಇನ್‌ಪುಟ್ ಕ್ರೆಡಿಟ್ ಎನ್ನುವ ವಿಷಯದಲ್ಲಿ, ಎಚ್ಚರ ಅಗತ್ಯ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಕಲಂ 17(5)ರ ಪ್ರಕಾರ, ಚಾಲಕನೂ ಸೇರಿ 13 ಮಂದಿಗಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಗಳ ಖರೀದಿ, ದುರಸ್ತಿ ಮತ್ತು ವಿಮೆಯ ಮೇಲಿನ ತೆರಿಗೆಗೆ ಸಾಮಾನ್ಯ ವ್ಯಾಪಾರಿಗೆ ಜಮೆ ಇಲ್ಲ. ವಾಹನ ಮಾರಾಟ, ಪ್ರಯಾಣಿಕ ಸಾಗಣೆ ಮತ್ತು ಚಾಲನಾ ತರಬೇತಿಯ ವ್ಯವಹಾರದವರಿಗೆ ಇದರಿಂದ ವಿನಾಯಿತಿ ಉಂಟು. ಸರಕು ಸಾಗಿಸುವ ವಾಹನಕ್ಕೆ ಈ ನಿರ್ಬಂಧವಿಲ್ಲ. ಹೀಗೆ ಒಂದೇ ಸಂಸ್ಥೆಯ ಟೆಂಪೋ ಬಾನೆಟ್ಟಿಗೆ ಜಮೆ ಉಂಟು, ಕಾರಿನ ಬಾನೆಟ್ಟಿಗಿಲ್ಲ. ಅರ್ಹವಲ್ಲದ ಜಮೆಯನ್ನು ಪಡೆದು ಬಳಸಿಕೊಂಡಿದ್ದರೆ ಅದನ್ನು ಶೇ. 18ರ ಬಡ್ಡಿಯೊಂದಿಗೆ ಹಿಂದಿರುಗಿಸಬೇಕಾಗುತ್ತದೆ.

ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. 2024ರ ಜೂನ್ 26ರ 217ನೆಯ ಸುತ್ತೋಲೆಯ ಪ್ರಕಾರ, ಒಪ್ಪಿದ ಕ್ಲೇಮಿನ ಮೊತ್ತಕ್ಕೆ ಗ್ಯಾರೇಜು ವಿಮಾ ಕಂಪನಿಯ ಹೆಸರಿನಲ್ಲಿ ಬಿಲ್ಲು ಕೊಟ್ಟರೆ ಕಂಪನಿಗೆ ಜಮೆ ಸಿಗುತ್ತದೆ. ಬಿಲ್ಲು ಅದರ ಹೆಸರಿನಲ್ಲಿಲ್ಲದಿದ್ದರೆ ಸಿಗುವುದಿಲ್ಲ. ಆದ್ದರಿಂದ ವಿಮಾ ಕಂಪನಿಯ ಪಾಲಿಗೊಂದು, ಮಾಲೀಕನ ಪಾಲಿಗೊಂದು ಎಂದು ಎರಡು ಬಿಲ್ಲುಗಳು ಬಂದರೆ ಗಾಬರಿಪಡಬೇಕಾಗಿಲ್ಲ.

ಲೆಕ್ಕಪುಸ್ತಕದಲ್ಲಿ ದಾಖಲೆ

ಬಾನೆಟ್ ಹೊಸದಾದರೂ ಅದು ಹೊಸ ಆಸ್ತಿಯಲ್ಲ. ಇರುವ ಆಸ್ತಿಯನ್ನು ಕಾಪಾಡಿ ಮುಂದುವರಿಸುವ ವೆಚ್ಚವೇ ಚಾಲ್ತಿ ದುರಸ್ತಿ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಆಸ್ತಿಯೆಂದರೆ ಕಾರು. ಬಾನೆಟ್ ಅದರ ಒಂದು ಭಾಗ ಮಾತ್ರ. ಆದ್ದರಿಂದ ಈ ವೆಚ್ಚವನ್ನು ವಾಹನದ ಖಾತೆಗೆ ಸೇರಿಸದೆ ಆದಾಯ ವೆಚ್ಚವಾಗಿಯೇ ಬರೆಯಬೇಕು. ಜಮೆ ಸಿಗದ ತೆರಿಗೆಯೂ ಇದೇ ವೆಚ್ಚದಲ್ಲಿ ಸೇರುತ್ತದೆ.

ಇಡೀ ಬಿಲ್ಲನ್ನು ತಾನೇ ಪಾವತಿಸಿ ವಿಮಾ ಹಣ ಪಡೆದಿದ್ದರೆ, 23,600 ರೂ. ದುರಸ್ತಿ ಖಾತೆಗೆ ಖರ್ಚು ಹಾಕಿ, ಬಂದ 17,585 ರೂ.ಗಳನ್ನು ಅದೇ ಖಾತೆಗೆ ಜಮಾ ಮಾಡಬೇಕು. ತನ್ನ ಪಾಲಿನ ಬಿಲ್ಲು ಮಾತ್ರ ಬಂದಿದ್ದರೆ 6,015 ರೂ.ಗಳನ್ನಷ್ಟೇ ಬರೆದರೆ ಸಾಕು. ಏಕಮಾಲೀಕ ಅಥವಾ ಪಾಲುದಾರಿ ಸಂಸ್ಥೆಗಳಲ್ಲಿ ಕಾರಿನ ಸ್ವಂತ ಬಳಕೆಯ ಪ್ರಮಾಣವನ್ನು ಪ್ರತ್ಯೇಕಿಸಬೇಕು. ಒಬ್ಬರಿಗೆ ಒಂದೇ ದಿನ 10,000 ರೂ.ಗೆ ಮೀರಿ ನಗದಾಗಿ ಪಾವತಿಸಿದ ವೆಚ್ಚ ಆದಾಯ ತೆರಿಗೆಯಲ್ಲಿ ಒಪ್ಪಿತವಾಗುವುದಿಲ್ಲವಾದ್ದರಿಂದ, ಪಾವತಿ ಬ್ಯಾಂಕಿನ ಮೂಲಕವೇ ಆಗಬೇಕು.

ಪಾಲಿಸಬೇಕಾದ ಕ್ರಮಗಳು

1. ಅಪಘಾತವಾದೊಡನೆ ಚಿತ್ರಗಳನ್ನು ತೆಗೆದು, ವಿಮಾ ಕಂಪನಿಗೆ ತಿಳಿಸಬೇಕು. ಸಮೀಕ್ಷೆಗೆ ಮುಂಚೆ ಭಾಗಗಳನ್ನು ಬಿಚ್ಚಿಸಕೂಡದು.

2. ಭಾಗ, ಬಣ್ಣದ ಸಾಮಗ್ರಿ, ಬಣ್ಣದ ಕೂಲಿ ಮತ್ತು ಜೋಡಣೆಯ ಕೂಲಿಯನ್ನು ಬೇರೆಬೇರೆಯಾಗಿ ತೋರಿಸಿದ ಅಂದಾಜು ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು.

3. ಆ ಪಟ್ಟಿಯಿಂದ ವಿಮೆಯ ಪಾಲು ಮತ್ತು ಕಳೆದುಹೋಗುವ ಬೋನಸ್ ಎರಡನ್ನೂ ಲೆಕ್ಕ ಹಾಕಿದ ನಂತರವೇ ಕ್ಲೇಮು ಮಾಡಬೇಕೇ ಎಂದು ನಿರ್ಧರಿಸಬೇಕು.

4. ಹಳೆಯ ಬಾನೆಟ್ಟಿನ ಗುಜರಿ ಬೆಲೆ ಯಾರಿಗೆ ಸೇರುತ್ತದೆಂದು ಕೇಳಬೇಕು. ಕೈಯಿಂದ ಹಣ ಕೊಟ್ಟಿದ್ದರೆ ಅದು ಮಾಲೀಕನದೇ.

5. ಕಾರನ್ನು ಹಗಲು ಬೆಳಕಿನಲ್ಲಿ ಮಾತ್ರ ಹಿಂಪಡೆಯಬೇಕು. ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಎರಡೂ ಬದಿ ಸಮನಾಗಿದೆಯೇ, ಬಣ್ಣ ಹೊಂದಿದೆಯೇ, ಲಾಕ್ ಒಂದೇ ಸಲಕ್ಕೆ ಬೀಳುತ್ತದೆಯೇ ಎಂದು ನೋಡಿ, ದೋಷವಿದ್ದರೆ ಸ್ವೀಕೃತಿಯ ಮೇಲೆಯೇ ಬರೆಯಬೇಕು.

ಕಾರ್ಖಾನೆಗೆ ಬರುವ ಪ್ರತಿಯೊಂದು ಖರೀದಿ ಬಿಲ್ಲನ್ನೂ ಸಾಲುಸಾಲಾಗಿ ಪರಿಶೀಲಿಸುವ ಅಭ್ಯಾಸ ಉದ್ಯಮಿಗೆ ಹೊಸತೇನಲ್ಲ. ಅದೇ ಅಭ್ಯಾಸವನ್ನು ವಾಹನ ದುರಸ್ತಿಗೂ ವಿಸ್ತರಿಸಿದರೆ ಸಾಕು. ಸಹಿ ಹಾಕುವ ಮುನ್ನ ವ್ಯಯಿಸಿದ ಅರ್ಧ ಗಂಟೆ, ಮುಂದಿನ ಐದು ವರ್ಷಗಳ ಪ್ರೀಮಿಯಂ ಮೊತ್ತವನ್ನು ನಿರ್ಧರಿಸಬಲ್ಲದು.