ಮುತ್ತು ಕಟ್ಟುವಿಕೆ, ಮನೆ ಮತ್ತು ಶಾಲೆ: ಒಂದು ಟಿಪ್ಪಣಿ

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸುವ ಮಗುವಿನ ಪಾಲಕರಿಗೆ ಕನ್ನಡ ಜನಪದವು ಒಂದು ದಾರಿಯನ್ನು ಮೊದಲೇ ತೋರಿತ್ತು: ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿ ಜೋಗಪ್ಪನನ್ನಾಗಿಸುವುದು. ಸವದತ್ತಿಯ ಎಲ್ಲಮ್ಮ ಹಾಗೂ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಗಳು ಈ ಆಚರಣೆಗೆ ಹೆಸರಾದವು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯೂ ಇದೇ ರೇಣುಕಾ-ಎಲ್ಲಮ್ಮ ಪರಂಪರೆಗೆ ಸೇರಿದವಳು.

ಈ ದೀಕ್ಷೆಯು ಮಗುವಿಗೆ ಸಮುದಾಯದಲ್ಲೊಂದು ಸ್ಥಾನವನ್ನು ಕೊಟ್ಟಿತಾದರೂ ಮನೆಯನ್ನು ಉಳಿಸಿಕೊಡಲಿಲ್ಲ. ಮಂಜಮ್ಮ ಜೋಗತಿ ಅವರ ಬದುಕು ಇದಕ್ಕೆ ನಿದರ್ಶನ. ಪಾಲಕರೇ ದೀಕ್ಷೆ ಕೊಡಿಸಿದರು. ಬಳಿಕ ಮನೆ ದೂರವಾಯಿತು. ಜೋಗತಿ ನೃತ್ಯ ಕೈಹಿಡಿಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ ದೊರೆತವು. ನಾಡಿನ ಮನ್ನಣೆಯು ಬಾಲ್ಯದಲ್ಲಿ ಕಳೆದುಹೋದ ಮನೆಗೆ ಪರ್ಯಾಯವಾಗಲಾರದು.

2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಲಿಂಗತ್ವದ ಸ್ವನಿರ್ಣಯವನ್ನು ಮಾನ್ಯ ಮಾಡಿತು. 2019ರ ಕಾಯ್ದೆಯು ನ್ಯಾಯಾಲಯದ ಆದೇಶವಿಲ್ಲದೆ ಇಂತಹ ಮಗುವನ್ನು ಪಾಲಕರಿಂದ ಬೇರ್ಪಡಿಸಬಾರದೆಂದಿತು. ಸರ್ಕಾರಿ, ಅನುದಾನಿತ ಹಾಗೂ ಮಾನ್ಯತೆ ಪಡೆದ ಶಾಲೆಗಳಿಗೆ ತಾರತಮ್ಯರಹಿತ ಶಿಕ್ಷಣದ ಹೊಣೆ ಹೊರಿಸಿತು. ಹೀಗೆ ಪಾಲಕರು ಮಗುವಿನೊಡನೆ ಹೋಗಬೇಕಾದ ಸ್ಥಳ ಗುಡಿಯಲ್ಲ, ಶಾಲೆ ಎಂಬಂತಾಯಿತು.

ಅಂಜನಾಪುರದಂತಹ ಊರಿನ ತಂದೆತಾಯಿಗಳು ಮುಖ್ಯೋಪಾಧ್ಯಾಯರೆದುರು ಮಗುವಿನ ಪರ ನಿಂತಾಗ ಪರಂಪರೆ ಅವರಿಗೆ ಎದುರಾಳಿಯಲ್ಲ. ಇಂತಹ ಮಕ್ಕಳು ಸಮುದಾಯಕ್ಕೆ ಹೊಸಬರಲ್ಲವೆಂಬುದಕ್ಕೆ ಅದೇ ಸಾಕ್ಷಿ. ಹೊಸದಾಗಿರುವುದು ಬೇಡಿಕೆ ಮಾತ್ರ: ಮಗು ಮನೆಯಲ್ಲಿಯೇ ಉಳಿದು ಓದಲಿ ಎಂಬುದು.