ಹನಿಸಕಲ್ ಬಳ್ಳಿಯನ್ನು ಹಬ್ಬಿಸುವ ಕ್ರಮ

ಜಪಾನು, ಚೀನಾ ದೇಶಗಳ ಮೂಲದ್ದಾದ ಈ ಬಳ್ಳಿಯು ಬೆಂಗಳೂರಿನಂತಹ ತಂಪು ಸೀಮೆಯ ಮನೆದೋಟಗಳಿಗೆ ಒಗ್ಗುವುದು. ಹೂವು ಅರಳುವಾಗ ಬಿಳುಪಾಗಿದ್ದು, ಒಂದೆರಡು ದಿನಗಳಲ್ಲಿ ಹಳದಿಗೆ ತಿರುಗುವುದು. ಸಂಜೆಯಲ್ಲಿ ಪರಿಮಳವು ಹೆಚ್ಚು.

ಮಳೆಗಾಲದ ಆರಂಭದಲ್ಲಿ ಕುಡಿಯೊಂದನ್ನು ಬಾಗಿಸಿ, ಗಿಣ್ಣನ್ನು ಎರಡಂಗುಲ ಮಣ್ಣಿನಲ್ಲಿ ಹೂತು, ಬೇರೊಡೆದ ತರುವಾಯ ಕತ್ತರಿಸಿ ನೆಡಬಹುದು. ಗುಂಡಿಗೆ ಕಳಿತ ಸಗಣಿಗೊಬ್ಬರವನ್ನು ಹಾಕತಕ್ಕದ್ದು. ಬುಡದಲ್ಲಿ ನೀರು ನಿಲ್ಲಕೂಡದು.

ಚಪ್ಪರದ ಖರ್ಚನ್ನು ಉಳಿಸುವುದಕ್ಕಾಗಿ ಕೆಲವು ಮಹನೀಯರು ಇದನ್ನು ನಿಂಬೆಯ ಅಥವಾ ಎಳೆಯ ಮಾವಿನ ಗಿಡಕ್ಕೆ ಹಬ್ಬಿಸುವುದುಂಟು. ಇದು ನಷ್ಟದ ಉಳಿತಾಯವೇ ಸರಿ. ಬಳ್ಳಿಯು ಕಾಂಡವನ್ನು ಸುತ್ತಿ ಬಿಗಿದು, ಎಲೆಗಳಿಗೆ ಬಿಸಿಲನ್ನು ತಪ್ಪಿಸಿ ಗಿಡವನ್ನು ಕುಗ್ಗಿಸುವುದು. ಒಂದು ತೋಟದಲ್ಲಿ ಇದನ್ನು ಬಿಡಿಸಿ ನೋಡಲಾಗಿ, ನಿಂಬೆಯ ಕಾಂಡದಲ್ಲಿ ಹಗ್ಗ ಬಿಗಿದಂತೆ ತಗ್ಗು ಬಿದ್ದಿತ್ತು. ಆದಕಾರಣ ಬಿದಿರಿನ ಚಪ್ಪರಕ್ಕಾಗಲಿ ತಂತಿಬೇಲಿಗಾಗಲಿ ಹಬ್ಬಿಸುವುದು ಲೇಸು. ಹೊಸ ಚಿಗುರಿನಲ್ಲಿಯೇ ಹೂ ಬರುವುದರಿಂದ ಚಳಿಗಾಲದ ಕೊನೆಯಲ್ಲಿ ಹಳೆಯ ಕುಡಿಗಳನ್ನು ಸವರತಕ್ಕದ್ದು. ಸವರಿದ ಕಡ್ಡಿಗಳನ್ನು ನೆಲದಲ್ಲಿ ಬಿಡದೆ ಸುಟ್ಟುಹಾಕಬೇಕು. ಬಿಟ್ಟಲ್ಲಿ ಅವು ಬೇರೂರುವ ಸಂಭವವಿದೆ.